ಶೇಂಗಾ ಸಿಪ್ಪೆಯೂ ಭೂಮಿಯ ಸೊತ್ತು



ಕೃಷ್ಣಾತೀರದ ಚಿಕ್ಕಪಡಸಲಗಿ ಎಂದೊಡನೆ ಶ್ರಮಬಿಂದು ಸಾಗರ ನೆನಪಾಗುತ್ತದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕಟ್ಟಿದ ಬ್ಯಾರೇಜು ಅದು. ಹರಿದುಹೋಗುವ ನೀರನ್ನು ತಡೆದು ನಿಲ್ಲಿಸಿದ ಆ ವಿವೇಕ ನಮ್ಮ ಮನೆಗಳ ಹಿತ್ತಲಿಗೂ ಬರಬೇಕು. ಅದಕ್ಕೆ ಕಲ್ಲು ಸಿಮೆಂಟು ಬೇಡ. ಶೇಂಗಾ ಸಿಪ್ಪೆ ಸಾಕು.

ಪಂಚಮಿಯ ಉಂಡಿ, ಹಬ್ಬದ ಹೋಳಿಗೆ, ರೊಟ್ಟಿಯೊಡನೆ ಹಿಂಡಿ ಎಲ್ಲಕ್ಕೂ ನಮ್ಮ ಸೀಮೆಯಲ್ಲಿ ಶೇಂಗಾ ಬೇಕು. ನೂರು ಕಿಲೋ ಕಾಯಿ ಒಡೆದರೆ ಸುಮಾರು 25ರಿಂದ 30 ಕಿಲೋ ಸಿಪ್ಪೆ ಉಳಿಯುತ್ತದೆ. ಪ್ರಸಾದದ ಒಂದು ಅಗುಳನ್ನೂ ಕೆಡಿಸದ ಮನೆಗಳಲ್ಲಿಯೇ ಈ ಸಿಪ್ಪೆ ಬೀದಿಗೆ ಬಿದ್ದು ಬೆಂಕಿಗೆ ಆಹುತಿಯಾಗುತ್ತಿರುವುದನ್ನು ನಾವು ಕಾಣುತ್ತೇವೆ.

ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನೊಳಗಿನ ತೇವವನ್ನೂ ಬಿಸಿಲು ಹೀರಿಬಿಡುತ್ತದೆ. ತಾಯಂದಿರು ಹೊತ್ತು ತಂದ ಕೊಡದ ನೀರು ಸಂಜೆಯೊಳಗೆ ಆವಿಯಾಗುತ್ತದೆ. ಆದುದರಿಂದ ಪೂಜೆಯ ಪತ್ರಿಗಿಡ, ಮಲ್ಲಿಗೆ, ಕರಿಬೇವುಗಳ ಬುಡಕ್ಕೆ ಮೊದಲು ನೀರುಣಿಸಿ, ಮೇಲೆ ಎರಡು ಬೆರಳು ದಪ್ಪ ಸಿಪ್ಪೆಯನ್ನು ಹರಡಬೇಕು. ಕಾಂಡದಿಂದ ನಾಲ್ಕು ಬೆರಳು ದೂರವಿರಲಿ. ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ. ಗೆದ್ದಲು ಕಂಡರೆ ಸಿಪ್ಪೆಯನ್ನು ಸರಿಸಬೇಕು.

ಹಸಿ ಸಿಪ್ಪೆಯನ್ನು ಮಣ್ಣಿನೊಳಗೆ ಬೆರೆಸುವುದು ಸಲ್ಲದು. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಗಿಡ ಹಳದಿಗಟ್ಟುತ್ತದೆ. ಬೆರೆಸಲೇಬೇಕೆಂದರೆ ಸಗಣಿ, ಹಸಿರೆಲೆಗಳೊಡನೆ ತಿಪ್ಪೆಯಲ್ಲಿ ಹಾಕಿ, ಆಗಾಗ ನೀರು ಚಿಮುಕಿಸಿ, ಪೂರ್ಣ ಕಳಿತ ಮೇಲೆ ಬಳಸಬೇಕು. ಸಿಪ್ಪೆ ಗಟ್ಟಿಯಾದುದರಿಂದ ಇದಕ್ಕೆ ಹಲವು ತಿಂಗಳು ಬೇಕು. ಉಪ್ಪು ಹಾಕಿ ಬೇಯಿಸಿದ ಕಾಯಿಯ ಸಿಪ್ಪೆ ಗಿಡಕ್ಕೆ ಬೇಡ. ಬೂಷ್ಟು ಹಿಡಿದುದನ್ನು ದನಕರುಗಳಿಗೆ ಎಂದೂ ಹಾಕಬಾರದು, ಅದರಲ್ಲಿ ವಿಷವಿರಬಹುದು.

ಕಾಳು ನಮ್ಮ ಹೊಟ್ಟೆಗೆ ಬಂದಿತು. ಸಿಪ್ಪೆಯಾದರೂ ಹೆತ್ತ ಭೂಮಿಗೆ ಮರಳಲಿ. ಪಡೆದ ಕಡೆಗೆ ಹಿಂದಿರುಗಿಸುವುದು ದಾಸೋಹದ ಮೊದಲ ಪಾಠ. ಅದನ್ನು ಮಕ್ಕಳು ಪ್ರವಚನದಲ್ಲಿ ಕೇಳುವುದಕ್ಕಿಂತ ಹಿತ್ತಲಿನಲ್ಲಿ ಕಂಡು ಕಲಿಯುವುದು ಲೇಸು. ಮುಂದಿನ ಸಲ ಶೇಂಗಾ ಒಡೆಯುವಾಗ ಒಂದು ಪುಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿರಿ.