ಬಂಗಾರಕ್ಕೆ ಮಿಲಿ, ಭತ್ತಕ್ಕೆ ವಜಾ!



ಒಬ್ಬನೇ ರೈತ, ಎರಡು ತಕ್ಕಡಿ. ಬೀಜ-ಗೊಬ್ಬರಕ್ಕೆ ದುಡ್ಡಿಲ್ಲದೆ ಹೆಂಡತಿಯ ಬಳೆ ಒತ್ತೆ ಇಡಲು ಹೊಸಪೇಟೆಗೆ ಹೋದರೆ ಅಲ್ಲಿ ಮಿಲಿಗ್ರಾಂ ಲೆಕ್ಕ. ಹರಳು ಕಳೆದು, ಅರಗು ಕಳೆದು, ಗಾಳಿ ತಾಗದಂತೆ ತೂಗುತ್ತಾರೆ. ಅದೇ ರೈತ ಸುಗ್ಗಿಯಲ್ಲಿ ಕಂಪ್ಲಿ ಸೀಮೆಯ ಭತ್ತ ಮಾರಲು ನಿಂತರೆ, ‘ಚೀಲಕ್ಕೆ ಎರಡು ಕಿಲೋ ಬಿಡಪ್ಪಾ’ ಎಂಬ ಮಾತು. ಸಾಲ ತರುವಾಗ ಮಿಲಿಗ್ರಾಂ, ಮಾಲು ಕೊಡುವಾಗ ಕಿಲೋಗ್ರಾಂ! ಇದ್ಯಾವ ನ್ಯಾಯ?

ಲೆಕ್ಕ ಹಾಕಿ ನೋಡ್ರಿ. 75 ಕಿಲೋ ಚೀಲಕ್ಕೆ 2 ಕಿಲೋ ವಜಾ ಹಿಡಿದರೆ 100 ಚೀಲಕ್ಕೆ 200 ಕಿಲೋ. ಎರಡೂವರೆ ಚೀಲಕ್ಕೂ ಹೆಚ್ಚು ಭತ್ತ ಪುಕ್ಕಟೆ ಹೋಯ್ತು. ಇದೇ ಪ್ರಮಾಣದಲ್ಲಿ 10 ಗ್ರಾಂ ಬಂಗಾರಕ್ಕೆ ವಜಾ ಹಿಡಿದರೆ 267 ಮಿಲಿಗ್ರಾಂ ಆಗುತ್ತದೆ. ಯಾವ ಸಾಹುಕಾರ ಅಷ್ಟು ಬಂಗಾರ ಬಿಟ್ಟು ಸುಮ್ಮನೆ ಮನೆಗೆ ಹೋಗುತ್ತಾನೆ?

ಇದು ಇವತ್ತಿನ ರೋಗವಲ್ಲ. ಹಂಪಿಯ ವಿಠಲ ಗುಡಿಯ ಹತ್ತಿರ ತುಲಾಭಾರದ ಕಲ್ಲುಕಂಬಗಳು ಇನ್ನೂ ನಿಂತಿವೆ. ಅರಸರು ಅಲ್ಲಿ ಬಂಗಾರಕ್ಕೆ ಸಮ ತೂಗಿಸಿಕೊಂಡು ದಾನ ಕೊಡುತ್ತಿದ್ದರೆಂದು ಹೇಳುತ್ತಾರೆ. ಆ ಕಾಲದ ಬಂಗಾರದ ವರಹಕ್ಕೆ ಸುಮಾರು 3.4 ಗ್ರಾಂ ಎಂಬ ಗೊತ್ತಾದ ತೂಕವಿತ್ತು. ರೈತನ ಕಾಳಿಗೆ ಮಾತ್ರ ಸೇರು, ಬಳ್ಳ, ಕೊಳಗದ ಅಳತೆ. ರಾಶಿ ಏರಿಸಿ ಅಳೆದರೆ ಒಂದು, ಕೈಯಿಂದ ಸವರಿ ಅಳೆದರೆ ಇನ್ನೊಂದು.

ಇಂಗ್ಲಿಷರ ಕಾಲವೂ ಹಾಗೇ. ಅವರ ಬಂಗಾರದ ಔನ್ಸ್ 31.1 ಗ್ರಾಂ, ದಿನಸಿಯ ಔನ್ಸ್ 28.35 ಗ್ರಾಂ. ಹೆಸರು ಒಂದೇ, ತೂಕ ಎರಡು! 1833ರಲ್ಲಿ ಕಂಪನಿ ಸರ್ಕಾರ ತೊಲಕ್ಕೆ 180 ಗ್ರೇನ್, ಅಂದರೆ 11.66 ಗ್ರಾಂ ಎಂದು ಗಟ್ಟಿ ಮಾಡಿತು. ಸೇರಿನ ಗತಿಯೇನು? ಒಂದು ಕಡೆ 24 ತೊಲದ ಕಚ್ಚಾ ಸೇರು, ಇನ್ನೊಂದು ಕಡೆ 80 ತೊಲದ್ದು. ಯಾಕೆ ಹೀಗೆ? ಬಂಗಾರವನ್ನು ಕೊಡುವವನೂ ತೂಗುತ್ತಾನೆ, ಕೊಳ್ಳುವವನೂ ತೂಗುತ್ತಾನೆ. ಕಾಳಿನ ವ್ಯಾಪಾರದಲ್ಲಿ ತಕ್ಕಡಿ ಕೊಳ್ಳುವವನ ಕೈಯಲ್ಲೇ ಇರುತ್ತದೆ.

1956ರ ಕಾಯ್ದೆಯಿಂದ ದೇಶಕ್ಕೆಲ್ಲಾ ಕಿಲೋ ಒಂದೇ ಆಯ್ತು. ಆದರೆ ತಕ್ಕಡಿ ಹಿಡಿದ ಕೈ ಬದಲಾಗಲಿಲ್ಲ. ಕಾಟಾ ಇದ್ದ ಮಾತ್ರಕ್ಕೆ ಲೆಕ್ಕ ನೆಟ್ಟಗಿರುತ್ತದೆಂದು ನಂಬಬೇಡಿ. ಪಕ್ಕದ ಸಂಡೂರಿನ ಅದಿರು ನೋಡ್ರಿ. ಲಾರಿಗಳು ಮಿತಿ ಮೀರಿದ ಭಾರ ಹೊತ್ತು ಹೋದದ್ದು, ಪರವಾನಗಿ ಇಲ್ಲದ ಅದಿರು ಹಡಗು ಹತ್ತಿದ್ದು 2011ರ ಲೋಕಾಯುಕ್ತ ವರದಿಯಲ್ಲಿ ಬಯಲಾಯ್ತು. ಯಂತ್ರಕ್ಕೂ ಕಾವಲು ಬೇಕು.

‘ನೆಲ್ಲು ಹಸಿ ಐತಿ, ಮಣ್ಣು ಐತಿ, ಬಂಗಾರದಂಗ ತೂಗಾಕ ಆಗತೈತೇನು?’ ಎನ್ನುತ್ತಾರೆ. ಭತ್ತವನ್ನು ಮಿಲಿಗ್ರಾಂನಲ್ಲಿ ತೂಗಿರೆಂದು ನಾವೇನೂ ಕೇಳಿಲ್ಲ. ಹಸಿ ಇದ್ದರೆ ತೇವ ನೋಡುವ ಮೀಟರ್ ಇದೆ. ನಮ್ಮೆದುರು ಹಚ್ಚಿ ನೋಡಿ, ದರದಲ್ಲಿ ಮಾತಾಡಿ. ತೂಕ ಮುಟ್ಟಬೇಡಿ! ಚೀಲದ ತೂಕ ಕಳೆಯಬೇಕೆಂದರೆ ಖಾಲಿ ಚೀಲವನ್ನೇ ತೂಗಿ ಕಳೆಯಿರಿ.

ಬಾಂಧವರೇ, ಕಾನೂನು ನಮ್ಮ ಕಡೆಗಿದೆ. 2009ರ ಕಾನೂನು ಮಾಪನ ಕಾಯ್ದೆಯ ನಿಯಮದಂತೆ ಎಲೆಕ್ಟ್ರಾನಿಕ್ ತಕ್ಕಡಿಗೂ ಲಾರಿ ಕಾಟಾಕ್ಕೂ ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ಮುದ್ರೆ ಬೀಳಬೇಕು. ಪ್ರಮಾಣಪತ್ರ ಎದ್ದು ಕಾಣುವಂತೆ ಹಾಕಿರಬೇಕು. ಚೀಲ ಇಳಿಸುವ ಮುಂಚೆ ಅದನ್ನು ಕೇಳಿ. ವಜಾ ಹಿಡಿದರೆ ಚೀಟಿಯಲ್ಲಿ ಬರೆಸಿ. ಬರೆದುಕೊಡಲು ಹೆದರುವ ವಜಾ ವಜಾ ಅಲ್ಲ, ಕಳವು.

ಒಬ್ಬನೇ ಕೇಳಿದರೆ ‘ಬೇರೆ ಕಡೆ ಒಯ್ಯಿ’ ಎಂಬ ಉತ್ತರ ಸಿಗುತ್ತದೆ. ಊರು ಕೂಡಿ ಕೇಳಿದರೆ ಮುಳ್ಳು ತಾನೇ ನೆಟ್ಟಗಾಗುತ್ತದೆ. ಊರೂರಿಗೆ ಚಂದಾ ಎತ್ತಿ ಮುದ್ರೆ ಬಿದ್ದ ಒಂದು ತಕ್ಕಡಿ ಕೊಳ್ಳೋಣ. ಕಣದಲ್ಲಿ ನಮ್ಮ ಕೈಯಿಂದ ತೂಗಿ, ಬರೆದಿಟ್ಟ ಮೇಲೆಯೇ ಚೀಲ ಗಾಡಿ ಹತ್ತಲಿ. ಬಳೆಯನ್ನು ತೂಗುವಾಗ ಇರುವ ನಿಯತ್ತು ಭತ್ತ ತೂಗುವಾಗಲೂ ಇರಲೇಬೇಕು.