ಕೃಷ್ಣದೇವರಾಯನಿಗೆ ರೋಮಿನ ಕವಚ ತೊಡಿಸಿದವರು ಯಾರು?

ಕನ್ನಡದ ಹುಡುಗರೇ, ನವೆಂಬರ್ ಬಂದಾಗ ಒಮ್ಮೆ ನಿಮ್ಮೂರಿನ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿ ನೋಡಿ. ಕೊಪ್ಪಳವಾಗಲಿ, ಗಂಗಾವತಿಯಾಗಲಿ, ಕುಷ್ಟಗಿ, ಯಲಬುರ್ಗಾ ಆಗಲಿ, ಎಲ್ಲಾ ಕಡೆ ಒಂದೇ ನೋಟ. ಹಳದಿ-ಕೆಂಪು ಬ್ಯಾನರು. ಕೆಳಗೆ ಇಪ್ಪತ್ತು ಮುಖಂಡರ ಫೋಟೊ. ನಡುವೆ ಒಬ್ಬ ರಾಜ! ಎದೆಗೆ ಉಕ್ಕಿನ ಕವಚ, ಬೆನ್ನಿಗೆ ಕೆಂಪು ಹೊದಿಕೆ, ಕಾಲಿಗೆ ಚರ್ಮದ ಬೂಟು, ಜಿಮ್ಮಿನಲ್ಲಿ ಬೆಳೆಸಿದ ರಟ್ಟೆ. ಹೆಸರು ಶ್ರೀಕೃಷ್ಣದೇವರಾಯ. ಆ ಹೆಸರು ಅಳಿಸಿ ಜೂಲಿಯಸ್ ಸೀಸರ್ ಎಂದು ಬರೆದರೆ ಯಾರಿಗಾದರೂ ಗೊತ್ತಾದೀತೆ? ಪಕ್ಕದ ಬ್ಯಾನರಿನಲ್ಲಿ ಇಮ್ಮಡಿ ಪುಲಿಕೇಶಿ. ಅದೇ ಕವಚ, ಅದೇ ಬೂಟು, ಮೀಸೆ ಮಾತ್ರ ಬೇರೆ. ಪುಲಿಕೇಶಿ ಏಳನೇ ಶತಮಾನದವನು, ಕೃಷ್ಣದೇವರಾಯ ಹದಿನಾರನೇ ಶತಮಾನದವನು. ನಡುವೆ ಒಂಬೈನೂರು ವರ್ಷ. ಬಟ್ಟೆ ಮಾತ್ರ ಒಂದೇ ಅಂಗಡಿಯದು!

ನಾನು ಪ್ರಿಂಟಿಂಗ್ ಪ್ರೆಸ್ಸಿನವನು. ಮದುವೆ ಕಾರ್ಡು, ಜಾತ್ರೆ ಕರಪತ್ರ, ರಾಜ್ಯೋತ್ಸವದ ಆಮಂತ್ರಣ, ಸಂಘಗಳ ರಸೀದಿ ಪುಸ್ತಕ ಇವೇ ನನ್ನ ಹೊಟ್ಟೆಪಾಡು. ಓದಿದ್ದು ಪಿಯುಸಿ. ಇತಿಹಾಸದ ಪಂಡಿತ ನಾನಲ್ಲ. ಆದರೆ ಈ ಭಾಗದ ಗೋಡೆಗಳ ಮೇಲೆ ಯಾವ ಚಿತ್ರ ಬೀಳುತ್ತದೆ ಎಂಬುದು ನನ್ನಂಥವರ ಟೇಬಲ್ಲಿನ ಮೇಲೆಯೇ ತೀರ್ಮಾನವಾಗುವುದು. ಹುಡುಗರು ಮೊಬೈಲು ಚಾಚುತ್ತಾರೆ. "ಅಣ್ಣಾ, ಇದನ್ನ ಹಾಕ್ರಿ, ಮಸ್ತ್ ಐತಿ" ಎನ್ನುತ್ತಾರೆ. ಕೊಪ್ಪಳದ ಕೋಟೆಯಲ್ಲಿ 1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಮುಂಡರಗಿ ಭೀಮರಾಯನ ಹೆಸರಿನಲ್ಲಿ ರಜಪೂತರ ಪೇಟದವನೊಬ್ಬ ಬರುತ್ತಾನೆ. ಕುಮ್ಮಟದುರ್ಗದ ಗಂಡುಗಲಿ ಕುಮಾರರಾಮನ ಹೆಸರಿನಲ್ಲಿ ಯಾವುದೋ ವಿದೇಶಿ ಗೇಮಿನ ಯೋಧ ಬರುತ್ತಾನೆ. ಈಗಂತೂ ಎಐ ಬಂದಿದೆ. ಎರಡು ಸಾಲು ಟೈಪು ಮಾಡಿದರೆ ನಿಮಿಷಕ್ಕೊಬ್ಬ ರಾಜ. ಆ ಯಂತ್ರ ಏನು ತಿಂದಿದೆಯೋ ಅದನ್ನೇ ತಾನೇ ಉಗುಳುವುದು? ಅದರ ಹೊಟ್ಟೆಯಲ್ಲಿ ಹಾಲಿವುಡ್ ಇದೆ, ಹಿಂದಿ ಧಾರಾವಾಹಿ ಇದೆ. ಇಟಗಿ ಇಲ್ಲ, ಕುಕನೂರು ಇಲ್ಲ, ಆನೆಗೊಂದಿ ಇಲ್ಲ.

ಅಕ್ಷರದ ವಿಷಯದಲ್ಲಿ ನಾವು ಹೀಗೆ ಕೈಕಟ್ಟಿ ಕೂರಲಿಲ್ಲ ಎಂಬುದು ನೆನಪಿರಲಿ. ನಮ್ಮಪ್ಪನ ಕಾಲದಲ್ಲಿ ಟ್ರೆಡಲ್ ಮಷೀನು, ಸೀಸದ ಮೊಳೆ. ಕಂಪ್ಯೂಟರ್ ಬಂದಾಗ ಕನ್ನಡ ಅದರೊಳಗೆ ಕೂರುವುದಿಲ್ಲ ಎಂದವರು ಬಹಳ. ಕೆ.ಪಿ. ರಾವ್ ಅವರು ಕೀಲಿಮಣೆ ವಿನ್ಯಾಸ ಮಾಡಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಗಣಕ ಪರಿಷತ್ತಿನ 'ನುಡಿ' ಬಂತು. ಅಕ್ಷರವನ್ನು ಕನ್ನಡಿಗರೇ ಕೂಡಿಸಿಕೊಂಡರು. ಚಿತ್ರ? ಅಂದು ಕ್ಯಾಲೆಂಡರಿನ ಚಿತ್ರ ಶಿವಕಾಶಿಯಿಂದ ಬರುತ್ತಿತ್ತು, ಇಂದು ಅಂತರಜಾಲದಿಂದ ಬರುತ್ತದೆ. ಅಂದೂ ಎರವಲು, ಇಂದೂ ಎರವಲು!

ಈ ಮಾತನ್ನು ಯಾಕೆ ಪಟ್ಟಣದ ಹುಡುಗರ ಮುಂದೆ ಹೇಳುತ್ತಿದ್ದೇನೆ? ಯಾಕೆಂದರೆ ಈ ಕೆಲಸ ಮಾಡಬಲ್ಲವರು ನೀವೇ. ಕಂಪ್ಯೂಟರಿನಲ್ಲಿ ಮೂರ್ತಿ ಕೆತ್ತುವ ವಿದ್ಯೆ ಇವತ್ತು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪರದೆಯ ಮೇಲೆ ಮಣ್ಣಿನ ಉಂಡೆಯಂಥ ಒಂದು ಗೋಳ ಇರುತ್ತದೆ. ಪೆನ್ನಿನಂಥ ಸಲಕರಣೆ ಹಿಡಿದು ಅದನ್ನು ಎಳೆಯಬಹುದು, ಒತ್ತಬಹುದು, ಕೆರೆಯಬಹುದು. ಮೊದಲು ತಲೆ, ಎದೆ, ಸೊಂಟದ ದಪ್ಪ ಆಕಾರ. ಆಮೇಲೆ ಅದರ ಮೇಲ್ಮೈಯನ್ನು ಸಾವಿರ, ಲಕ್ಷ, ಹತ್ತಾರು ಲಕ್ಷ ಚೂರುಗಳಾಗಿ ಒಡೆಯುತ್ತಾ ಹೋದಂತೆ ಕಣ್ಣಿನ ರೆಪ್ಪೆ, ಕೈನರ, ಸರದ ಮಣಿ ಎಲ್ಲವನ್ನೂ ಬಿಡಿಸಬಹುದು. ಬಟ್ಟೆಗೆ ಬೇರೆ ತಂತ್ರಾಂಶವೇ ಇದೆ. ದರ್ಜಿ ಕತ್ತರಿಸಿದ ಹಾಗೆ ತುಂಡು ಕತ್ತರಿಸಿ ಹೊಲಿದರೆ ಮೈಮೇಲೆ ತಾನೇ ನಿರಿಗೆ ಬಿದ್ದು ಇಳಿಯುತ್ತದೆ. ನನ್ನಂಥ ಮುದ್ರಕನಿಗೆ ಇದರ ಲಾಭ ಏನು ಗೊತ್ತೇ? ಒಂದು ಮೂರ್ತಿ ಸರಿಯಾಗಿ ಆಯಿತೆಂದರೆ ಅದರಿಂದ ನೂರು ಚಿತ್ರ. ಮುಂದಿನಿಂದ, ಬೆನ್ನಿನಿಂದ, ಕುದುರೆಯ ಮೇಲೆ, ದೀಪದ ಬೆಳಕಿನಲ್ಲಿ. ಎಷ್ಟು ದೊಡ್ಡ ಪೋಸ್ಟರಿಗೂ ಬೇಕಾದ ಅಳತೆಯಲ್ಲಿ 300 ಡಿಪಿಐ ಫೈಲು. ವಾಟ್ಸಾಪಿನ ಹರಕು ಚಿತ್ರ ಹಿಗ್ಗಿಸಿ ರಾಜನ ಮೂಗು ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುವ ಕರ್ಮವಿಲ್ಲ.

ಇದಕ್ಕೆ ದುಡ್ಡು ಬೇಕು ಎನ್ನುವ ನೆಪವೂ ಇಲ್ಲ. ದೊಡ್ಡ ಸ್ಟುಡಿಯೊಗಳು ಬಳಸುವ ಝಡ್‌ಬ್ರಷ್‌ಗೆ ಹಣ ಕೊಡಬೇಕು ನಿಜ. ಆದರೆ ಬ್ಲೆಂಡರ್ ಪುಕ್ಕಟೆ. ಅದರ ಕಥೆ ಕೇಳಿ. ಅದನ್ನು ನಡೆಸುತ್ತಿದ್ದ ಕಂಪನಿ ಬಾಗಿಲು ಹಾಕಿದಾಗ, 2002ರಲ್ಲಿ, ಬಳಸುವವರೇ ಏಳು ವಾರದಲ್ಲಿ ಒಂದು ಲಕ್ಷ ಯೂರೊ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಲೋಕದ ಸೊತ್ತು. ಇದಕ್ಕಿಂತ ದೊಡ್ಡ ಚಳವಳಿಯ ಪಾಠ ನಮಗೆ ಬೇಕೆ?

ಹಾಗಾದರೆ ಅಡ್ಡಿ ಎಲ್ಲಿದೆ? ನಮ್ಮ ಕುಷ್ಟಗಿ ಕಡೆಯ ಹುಡುಗನೊಬ್ಬ ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿದ್ದಾನೆ. ಹೆಸರು ಬೇಡ. ವಿದೇಶಿ ಗೇಮುಗಳಿಗೆ ಕವಚ, ಶಿರಸ್ತ್ರಾಣ ಕೆತ್ತುವುದೇ ಅವನ ಕೆಲಸ. ಹಬ್ಬಕ್ಕೆ ಬಂದಾಗ ಕೇಳಿದೆ, ನಮ್ಮ ವಿಜಯನಗರದ ಒಬ್ಬ ಕಾಲಾಳನ್ನು ಮಾಡಿ ಕೊಡಪ್ಪಾ ಎಂದು. ಅವನು ಹೇಳಿದ್ದು ಕೇಳಿ. "ಅಣ್ಣಾರ, ರೋಮನ್ ಸೈನಿಕಂದು ಬೇಕಂದ್ರ ಸೊಂಟದ ಪಟ್ಟಿ ಬಕ್ಕಲ್ ಸೈತ ಅಳತಿ ಸಮೇತ ಸಿಗತೈತ್ರಿ. ನಮ್ಮ ಕಾಲಾಳಿಂದು ರೆಫರೆನ್ಸ್ ಎಲ್ಲಿ ಐತ್ರಿ?"

ಅವನನ್ನು ಬೈಯಲಾರೆ. ಅವನಿಗೆ ಕಲಿಸಿದ ಪಾಠದಲ್ಲಿ ಅದು ಇರಲಿಲ್ಲ. ಆದರೆ ಗೆಳೆಯರೇ, ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು ಕೊಪಣ. ಅಂದರೆ ನಮ್ಮ ಕೊಪ್ಪಳ! ಆ ನೆಲದ ಹುಡುಗ ರೆಫರೆನ್ಸ್ ಎಲ್ಲಿದೆ ಎಂದು ಕೇಳಬೇಕಾಯಿತಲ್ಲ, ಇದು ಯಾರ ನಾಚಿಕೆಗೇಡು?

ಇಲ್ಲಿದೆ ನೋಡಿ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಆ ಕಲ್ಲಿನ ಕುಸುರಿ ನೋಡಿದರೆ ಕಲ್ಯಾಣ ಚಾಲುಕ್ಯರ ಕಾಲದ ಕಣ್ಣು ಎಂಥದ್ದು ಎಂದು ತಿಳಿಯುತ್ತದೆ. ದೇವರ ಮೂರ್ತಿಯನ್ನು ನೋಡಿ ಮನುಷ್ಯನ ಬಟ್ಟೆ ಬರೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಅದಕ್ಕೇ ವೀರಗಲ್ಲು ನೋಡಬೇಕು. ನಮ್ಮ ಊರೂರಿನ ಅಗಸಿಯಲ್ಲಿ, ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ ಎಣ್ಣೆ ಕುಡಿದು ನಿಂತಿವೆಯಲ್ಲ, ಅವೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನಲ್ಲಿ ಅಪ್ಸರೆಯರು ವೀರನನ್ನು ಒಯ್ಯುತ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೂತಿದ್ದಾನೆ. ಆ ಕೆಳಗಿನ ಪಟ್ಟಿಕೆ ನೋಡಿ. ಗಂಟು ಕಟ್ಟಿದ ಕೂದಲು, ಬಿಗಿದು ಕಟ್ಟಿದ ಸೊಂಟದ ಬಟ್ಟೆ, ಕೈಯಲ್ಲಿ ಕತ್ತಿ-ಗುರಾಣಿ ಅಥವಾ ಬಿಲ್ಲು. ದನ ಬಿಡಿಸಲು ಹೋಗಿ ಸತ್ತ ನಮ್ಮ ಹಳ್ಳಿಯವನು ಅವನು. ಉಕ್ಕಿನ ಎದೆಕವಚ ಎಲ್ಲಿದೆ ತೋರಿಸಿ!

ಇನ್ನು ವಿಜಯನಗರ. ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಹುಚ್ಚಪ್ಪಯ್ಯನ ಮಠದ ಕಂಬ-ಛಾವಣಿ ನೋಡಿ, ಹೊಳೆ ದಾಟಿ ಹಂಪಿಗೆ ಹೋಗಿ. ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಸಾಲು ಸಾಲಾಗಿ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಂಗಸರು. ಒಂದು ಸೈನ್ಯಕ್ಕೇ ಸಾಲುವ ರೆಫರೆನ್ಸು! ಲೇಪಾಕ್ಷಿಯ ವೀರಭದ್ರ ಗುಡಿಯ ಛಾವಣಿಯಲ್ಲಿ ಬಣ್ಣದಲ್ಲೇ ಇದೆ. ಗುಡಿಯನ್ನು ಕಟ್ಟಿಸಿದ ವಿರೂಪಣ್ಣ ಮತ್ತು ಅವನ ಕಡೆಯವರು ತಲೆಗೆ ಉದ್ದನೆಯ ಕುಳ್ಳಾಯಿ ತೊಟ್ಟು ನಿಂತಿದ್ದಾರೆ. ತಿರುಮಲೆಯಲ್ಲಿ ಕೃಷ್ಣದೇವರಾಯನ ತಾಮ್ರದ ಪ್ರತಿಮೆಯೇ ಇದೆ. ತಿರುಮಲದೇವಿ, ಚಿನ್ನಾದೇವಿ ಇಬ್ಬರ ನಡುವೆ ಕೈಮುಗಿದು ನಿಂತವನ ತಲೆಯ ಮೇಲೆ ಅದೇ ಎತ್ತರದ ಕುಳ್ಳಾಯಿ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸಾಧಾರಣ ಎತ್ತರ. ಮುಖದ ಮೇಲೆ ಸಿಡುಬಿನ ಕಲೆ. ಚಿನ್ನದ ಗುಲಾಬಿ ಹೂಗಳ ಕಸೂತಿಯಿದ್ದ ಬಿಳಿ ಬಟ್ಟೆ, ಕೊರಳಿಗೆ ವಜ್ರದ ಹಾರ, ತಲೆಗೆ ಜರಿಯ ಟೋಪಿ. ಕಾಲು ಬರಿಗಾಲು!

ಬರಿಗಾಲು, ಸಿಡುಬಿನ ಕಲೆ, ಬಿಳಿ ಬಟ್ಟೆ. ಈ ಮನುಷ್ಯ ನಮ್ಮ ಯಾವ ಬ್ಯಾನರಿನಲ್ಲಿದ್ದಾನೆ? ವಿದೇಶಿ ಗೇಮಿನ ಕಳ್ಳನ ಮುಖಕ್ಕೂ ಚರ್ಮದ ರಂಧ್ರ ಬಿಡಿಸುವ ನಮ್ಮ ಹುಡುಗರು ನಮ್ಮ ರಾಯನಿಗೆ ಮಾತ್ರ ಮೇಣದ ಬೊಂಬೆಯ ಮುಖ ಕೊಡಬೇಕೆ?

ಇಲ್ಲೇ ನಮ್ಮ ಕೆಲವು ಅಭಿಮಾನಿಗಳಿಗೆ ಸಿಟ್ಟು ಬರುವುದು. ಕುಳ್ಳಾಯಿ, ಕಬಾಯಿ ಎಂದರೆ ಪರ್ಷಿಯಾ, ಅರಬರ ಕಡೆಯ ಉಡುಪಲ್ಲವೇ, ಅದನ್ನು ರಾಯನಿಗೆ ತೊಡಿಸುತ್ತೀರಾ ಎಂದು ಕಣ್ಣು ಕೆಂಪಗೆ ಮಾಡುತ್ತಾರೆ. ನಾವು ತೊಡಿಸುವುದೇನು ಬಂತು? ಅವನೇ ತೊಟ್ಟಿದ್ದಾನೆ! ಅಂದಿನ ದೊಡ್ಡ ದೊಡ್ಡ ದರಬಾರುಗಳ ಉಡುಪನ್ನು ವಿಜಯನಗರದವರು ಹೆಮ್ಮೆಯಿಂದ ತಮ್ಮದು ಮಾಡಿಕೊಂಡರು. ಇಮ್ಮಡಿ ದೇವರಾಯ ಮುಸಲ್ಮಾನ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದ. ಕರ್ನಾಟಕದ ದರಬಾರಿಗೆ ಬಂದು ಕುಳ್ಳಾಯಿ, ಅಂಗಿ ತೊಡಬೇಕಾಯಿತಲ್ಲ ಎಂದು ತೆಲುಗು ಕವಿ ಶ್ರೀನಾಥ ಗೊಣಗಿದ ಚಾಟುಪದ್ಯ ಇಂದಿಗೂ ಜನರ ಬಾಯಲ್ಲಿದೆ. ಅಂದರೆ ಅದು ಕನ್ನಡ ದರಬಾರಿನ ಗುರುತೇ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತೇವಲ್ಲ, ಆ ಕುಲಾವಿಯೂ ಇದೇ ಟೋಪಿಯ ಬಳಗದ ಮಾತು. ನಮ್ಮ ಕೂಸಿನ ತಲೆಯ ಮೇಲಿರುವುದು ನಮ್ಮ ರಾಯನ ತಲೆಗೆ ಬೇಡವೇ? ರೋಮಿನ ಕವಚ ನಡೆಯುತ್ತದೆ, ರಾಯನೇ ತೊಟ್ಟ ಟೋಪಿ ನಡೆಯುವುದಿಲ್ಲ ಎಂದರೆ ಅದನ್ನು ಅಭಿಮಾನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜನ ಕಿರೀಟವನ್ನೇ ಕೇಳುತ್ತಾರೆ ಎಂಬುದು ಇನ್ನೊಂದು ವಾದ. 1970ರಲ್ಲಿ 'ಶ್ರೀಕೃಷ್ಣದೇವರಾಯ' ಚಿತ್ರದಲ್ಲಿ ಅಣ್ಣಾವ್ರನ್ನು ಕಂಡ ಕಣ್ಣು ಬೇರೆ ಯಾರನ್ನೂ ಒಪ್ಪುವುದಿಲ್ಲ ಎನ್ನುತ್ತಾರೆ. ಅಣ್ಣಾವ್ರ ಬಗ್ಗೆ ನನಗಿರುವ ಭಕ್ತಿ ಯಾರಿಗೂ ಕಡಿಮೆಯಲ್ಲ. ಆದರೆ ಸಿನಿಮಾದವರಿಗೆ ಅಂದು ಸಿಕ್ಕಿದ್ದು ನಾಟಕ ಕಂಪನಿಯ ಪೆಟ್ಟಿಗೆ. ನಿಮಗೆ ಸಿಕ್ಕಿರುವುದು ಹತ್ತಾರು ಲಕ್ಷ ಚೂರುಗಳ ಉಳಿ! ಅದೇ ಪೆಟ್ಟಿಗೆಯನ್ನು ಮತ್ತೆ ಬಗ್ಗಿಸಿ ಹುಡುಕುವುದೇಕೆ?

ನೀವು ಕಂಪ್ಯೂಟರಿನಲ್ಲಿ ಮಾಡುವುದನ್ನು ನಮ್ಮ ಕಿನ್ನಾಳದ ಚಿತ್ರಗಾರರು ತಲೆತಲಾಂತರದಿಂದ ಕೈಯಲ್ಲಿ ಮಾಡುತ್ತಾ ಬಂದಿದ್ದಾರೆ. ಹಗುರ ಮರದಲ್ಲಿ ಮೈ ತೆಗೆಯುತ್ತಾರೆ. ಸೆಣಬು, ಮರದ ಪುಡಿ, ಹುಣಸೆ ಬೀಜದ ಅಂಟು ಕೂಡಿಸಿದ ಕಿಟ್ಟದಿಂದ ಸಂದು ತುಂಬಿ ಆಕಾರ ಕೂಡಿಸುತ್ತಾರೆ. ಆಮೇಲೆ ಕಲ್ಲುಪುಡಿಯ ಸರಿಯಿಂದ ಒಡವೆ, ಅಂಚು ಎಲ್ಲವನ್ನೂ ಉಬ್ಬಾಗಿ ಎಳೆಯುತ್ತಾರೆ. ಕೊನೆಗೆ ಬಣ್ಣ, ಹೊಳಪು. ಮೊದಲು ದಪ್ಪ ಆಕಾರ, ಆಮೇಲೆ ಕುಸುರಿ, ಆಮೇಲೆ ಬಣ್ಣ. ನಿಮ್ಮ ಇಂಗ್ಲಿಷ್ ವಿಡಿಯೊ ಪಾಠದಲ್ಲೂ ಇದೇ ಕ್ರಮ ತಾನೇ? ಅವರ ಪೂರ್ವಿಕರು ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಚಿತ್ರ ಬರೆದವರು ಎಂಬ ಮಾತೂ ಇದೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಸ್ಟುಡಿಯೊದಲ್ಲಿ ಕೂತ ಎಷ್ಟು ಹುಡುಗರು ಒಂದು ದಿನ ಅಲ್ಲಿ ಕೂತು ನೋಡಿದ್ದಾರೆ? ಬಟ್ಟೆಯ ವಿಷಯವೂ ಹೀಗೆಯೇ. ದೋಟಿಹಾಳದಲ್ಲಿ ಮಗ್ಗ ಇದೆ, ಭಾಗ್ಯನಗರದಲ್ಲಿ ನೇಕಾರರಿದ್ದಾರೆ. ಇಳಕಲ್ ಸೀರೆಯನ್ನು ಹಾಗೇ ತೆಗೆದು ಚಾಲುಕ್ಯ ರಾಣಿಗೆ ಉಡಿಸಿ ಎಂದು ನಾನು ಹೇಳುತ್ತಿಲ್ಲ, ಅದು ಇನ್ನೊಂದು ಸುಳ್ಳಾದೀತು. ಹೊಲಿಯದ ಕೈಮಗ್ಗದ ಬಟ್ಟೆ ಸೊಂಟಕ್ಕೆ ಬಿಗಿದರೆ ಎಲ್ಲಿ ಮಡಿಕೆ ಬೀಳುತ್ತದೆ, ಅಂಚಿನ ಭಾರಕ್ಕೆ ನಿರಿಗೆ ಹೇಗೆ ಜಗ್ಗುತ್ತದೆ, ಅದನ್ನು ನೋಡಿ ಎನ್ನುತ್ತಿದ್ದೇನೆ. ತಂತ್ರಾಂಶದ ಜೊತೆ ಬರುವ ಜೀನ್ಸ್ ಬಟ್ಟೆ ಅದನ್ನು ಕಲಿಸುವುದಿಲ್ಲ.

ಇನ್ನು ನಮ್ಮ ಘನ ಸರಕಾರ! 2012ರಲ್ಲಿ ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆ ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ. 2024ರಲ್ಲಿ ಹೊಸ ನೀತಿಯೂ ಬಂತು. ಬೆಂಗಳೂರಿನಲ್ಲಿ ದೊಡ್ಡ ಕೇಂದ್ರವೂ ಇದೆ. ಸಂತೋಷ. ಆ ಕೇಂದ್ರದಿಂದ ವಿಜಯನಗರದ ಒಬ್ಬ ಕಾಲಾಳು ಹೊರಬಂದು ಯಲಬುರ್ಗಾದ ಸರಕಾರಿ ಶಾಲೆಯ ಗೋಡೆಯ ಮೇಲೆ ನಿಲ್ಲುವುದು ಯಾವಾಗ? ಹಂಪಿಯ ಮೇಲೆ ಕೇಂದ್ರ ಸರಕಾರದ ವಿಜ್ಞಾನ-ತಂತ್ರಜ್ಞಾನ ಇಲಾಖೆ ಡಿಜಿಟಲ್ ಯೋಜನೆ ಮಾಡಿಸಿತು, ಅದರ ಪುಸ್ತಕ ಇಂಗ್ಲಿಷಿನಲ್ಲಿ ಹೊರಬಂತು. ಆನೆಗೊಂದಿಯ ಹುಡುಗನಿಗೆ ಅದರಿಂದ ಏನು ದಕ್ಕಿತು? ನಮ್ಮ ತೆರಿಗೆಯ ಹಣದಲ್ಲಿ ಅಳೆದ ಕಲ್ಲಿನ ಅಳತೆ ನಮ್ಮ ಭಾಷೆಯಲ್ಲಿ, ನಮಗೆ ಪುಕ್ಕಟೆ ಸಿಗಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕಾಲಕಾಲದ ಉಡುಪು, ಒಡವೆ, ಆಯುಧಗಳ ಒಂದು ಚಿತ್ರಕೋಶ ತರಲಿ, ಯಾವ ಗುಡಿಯ ಯಾವ ಕಂಬ ಎಂಬ ವಿವರ ಸಮೇತ. ಸರಕಾರ ಅದಕ್ಕೆ ಹಣ ಕೊಡಲಿ. ಇದನ್ನು ಕೇಳಿ ಮನವಿ ಕೊಡುವ ಸಂಘಗಳು, ತಮ್ಮ ಬ್ಯಾನರಿನ ಮೇಲೆ ಯಾರ ಮುಖವಿದೆ ಎಂದು ಮೊದಲು ನೋಡಿಕೊಳ್ಳಲಿ.

ಅಲ್ಲಿಯವರೆಗೆ ಕಾಯುವುದು ಬೇಡ. ಕೈಯಲ್ಲಿ ಮೊಬೈಲಿದೆ. ಊರ ವೀರಗಲ್ಲಿನ ಸುತ್ತ ಸುತ್ತಿ, ಮೋಡದ ದಿನ ನೋಡಿಕೊಂಡು, ಒಂದರ ಮೇಲೊಂದು ಬರುವಂತೆ ಅರವತ್ತು-ಎಪ್ಪತ್ತು ಫೋಟೊ ತೆಗೆದರೆ ಕಂಪ್ಯೂಟರು ಅದನ್ನು ಕೂಡಿಸಿ ಕಲ್ಲನ್ನೇ ಪರದೆಯ ಮೇಲೆ ನಿಲ್ಲಿಸುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಕೆತ್ತಿ. ರಾಜನಿಂದಲೇ ಶುರು ಮಾಡಬೇಕೆಂದಿಲ್ಲ. ಒಬ್ಬ ಕಾಲಾಳು, ಒಬ್ಬ ಕುದುರೆಯವನು, ಒಬ್ಬ ಕುಣಿಯುವ ಹೆಣ್ಣುಮಗಳು ಸಾಕು. ಬರುವ ರಾಜ್ಯೋತ್ಸವಕ್ಕೆ ಒಂದು ತಿಂಗಳು ಮೊದಲು ಫೈಲು ಕೊಡಿ, 300 ಡಿಪಿಐ, ಸಿಎಂವೈಕೆ. ಪ್ಲೇಟು, ಕಾಗದ, ಶಾಯಿ ನನ್ನದು. ಸಾವಿರ ಪೋಸ್ಟರ್ ಹಾಕಿ ಎಲ್ಲಾ ತಾಲೂಕಿನ ಶಾಲೆಗಳಿಗೆ ನಾನೇ ಮುಟ್ಟಿಸುತ್ತೇನೆ. ಒಂದೇ ಕರಾರು: ಕೆಳಗಿನ ಮೂಲೆಯಲ್ಲಿ ಮಾಡಿದವರ ಹೆಸರು ಕನ್ನಡದಲ್ಲಿರಬೇಕು, ಅದರ ಪಕ್ಕದಲ್ಲಿ ಯಾವ ಊರಿನ ಯಾವ ಕಲ್ಲು ನೋಡಿ ಮಾಡಿದ್ದು ಎಂಬುದೂ ಇರಬೇಕು.