ವಾಲ್ವ್ ಕೆಂಪಾದರೆ ಬಿಸಿಲನ್ನು ದೂರಬೇಡಿ: ಹಳೆ ಆಂಪ್ಲಿಫೈಯರ್ ಅತಿಯಾಗಿ ಕಾಯುವುದೇಕೆ?

ವಾಲ್ವ್ ಅಂದಮೇಲೆ ಕಾಯಲೇಬೇಕು, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಮುಂದೆ ಒಂದು ಫ್ಯಾನ್ ಇಟ್ಟರೆ ಸಾಕು. ಹಳೆ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಸಿಗುವ ಈ ಸಲಹೆಯಲ್ಲಿ ಅರ್ಧ ಮಾತ್ರ ನಿಜ. ವಾಲ್ವ್ ಕಾಯುವುದು ಸಹಜ. ಆದರೆ ಅದರೊಳಗಿನ ಲೋಹದ ತಗಡು ಕೆಂಪಗಾದರೆ ಅದಕ್ಕೆ ಬಿಸಿಲು ಕಾರಣವಲ್ಲ, ಫ್ಯಾನ್ ಅದಕ್ಕೆ ಮದ್ದೂ ಅಲ್ಲ.

ಟ್ರಾನ್ಸಿಸ್ಟರ್ ಬರುವ ಮುನ್ನ ಜಾತ್ರೆ, ದೊಡ್ಡಾಟ, ಭಜನೆಗಳ ಮೈಕ್ ಸೆಟ್ ಎಂದರೆ ವಾಲ್ವ್ ಸೆಟ್ಟೇ. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ವಾಲ್ವ್ ತಯಾರಿಕೆ ಶುರು ಮಾಡಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವುದಾದರೂ ಮನೆಯ ಅಟ್ಟದಲ್ಲಿ ಅಂಥದೊಂದು ಪೆಟ್ಟಿಗೆ ಇನ್ನೂ ಉಳಿದಿದ್ದರೆ ಆಶ್ಚರ್ಯವಿಲ್ಲ. ಈಗ ಗಿಟಾರ್ ನುಡಿಸುವವರು ಇವುಗಳನ್ನು ಹುಡುಕುತ್ತಾರೆ. ಹಳೆ ಮೈಕ್ ಸೆಟ್ಟಿನಲ್ಲೂ ಹಳೆ ಗಿಟಾರ್ ಆಂಪ್ಲಿಫೈಯರ್‌ನಲ್ಲೂ ದನಿಗೆ ಬಲ ಕೊಡುವುದು ಇಎಲ್34, 6ಎಲ್6 ಥರದ ಪವರ್ ವಾಲ್ವ್‌ಗಳೇ. ಹಾಗಾಗಿ ಎರಡರ ಕಾಯಿಲೆಯೂ ಒಂದೇ.

ಯಾವ ಬೆಳಕು ಸಹಜ, ಯಾವುದು ಅಪಾಯ?

ವಾಲ್ವ್ ನಡುವೆ ಸಣ್ಣಗೆ ಕಾಣುವ ಕಿತ್ತಳೆ ಬೆಳಕು ಹೀಟರ್‌ನದು. ಅದು ಇರಲೇಬೇಕು. ಗಾಜಿನ ಒಳಮೈ ಮೇಲೆ ತೆಳುವಾದ ನೀಲಿ ಹೊಳಪು ಕಂಡರೂ ಹೆದರಬೇಕಿಲ್ಲ. ಆದರೆ ಹೀಟರ್ ಸುತ್ತ ಬೂದು ಬಣ್ಣದ ದೊಡ್ಡ ತಗಡೊಂದು ಇರುತ್ತದಲ್ಲ, ಅದೇ ಪ್ಲೇಟ್. ಅದರ ಮೇಲೆ ಕೆಂಪು ಮಚ್ಚೆ ಮೂಡಿದರೆ ಸೆಟ್ಟನ್ನು ತಕ್ಷಣ ಆಫ್ ಮಾಡಿ. ಹಾಡು ಮುಗಿಯಲಿ ಎಂದು ಕಾಯಬೇಡಿ. ತಗಡುಗಳ ನಡುವೆ ನೇರಳೆ ಮಂಜಿನಂಥ ಬೆಳಕು ತುಂಬಿದ್ದರೆ ಒಳಗೆ ಅನಿಲ ಸೇರಿದೆ ಎಂದರ್ಥ. ಆ ವಾಲ್ವ್ ಬದಲಿಸಬೇಕು.

ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಲೇಪನವನ್ನು ಕೆಲವರು ಪಾದರಸ ಅಂದುಕೊಳ್ಳುತ್ತಾರೆ. ಹಳೆ ರೇಡಿಯೊದಲ್ಲಿ ಲಕ್ಷಗಟ್ಟಲೆ ಬೆಲೆಯ ‘ಕೆಂಪು ಪಾದರಸ’ ಇದೆ ಎಂಬ ವದಂತಿಯೂ ಆಗಾಗ ಓಡಾಡುತ್ತದೆ. ಅಂಥ ವಸ್ತು ಅದರಲ್ಲಿಲ್ಲ. ಆ ಹೊಳಪು ಸಾಮಾನ್ಯವಾಗಿ ಬೇರಿಯಂ ಲೋಹದ್ದು, ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಅದು ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕು ವಾಲ್ವ್ ಸತ್ತಿದೆ ಎಂದು ತಿಳಿಯಿರಿ.

ಬಿಸಿಲು ಯಾಕೆ ಕಾರಣವಲ್ಲ?

ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದ್ದೀರಲ್ಲ? ಯಾವುದೇ ಗಟ್ಟಿ ವಸ್ತು ಕತ್ತಲಲ್ಲಿ ಮಂಕಾಗಿ ಕೆಂಪು ಕಾಣಬೇಕಾದರೆ ಅದು ಸುಮಾರು 525 ಡಿಗ್ರಿ ಸೆಲ್ಸಿಯಸ್‌ ಮುಟ್ಟಬೇಕು. ನಮ್ಮ ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟಿದರೂ ಚಳಿಗಾಲದ ಹಗಲಿಗೂ ಅದಕ್ಕೂ ಇರುವ ಅಂತರ ಹತ್ತು-ಹದಿನೈದು ಡಿಗ್ರಿ. ಅಷ್ಟಕ್ಕೇ ತಗಡು ಕೆಂಪಾಗುವುದಿಲ್ಲ.

ಫ್ಯಾನ್ ಕೆಲಸ ಮಾಡದಿರುವುದಕ್ಕೂ ಕಾರಣವಿದೆ. ಪ್ಲೇಟ್ ಮತ್ತು ಗಾಜಿನ ನಡುವೆ ಗಾಳಿಯೇ ಇಲ್ಲ, ಬರೀ ನಿರ್ವಾತ. ಬೀಸುವ ಗಾಳಿ ಗಾಜನ್ನು ಮತ್ತು ಸುತ್ತಲಿನ ಭಾಗಗಳನ್ನು ತಂಪು ಮಾಡುತ್ತದೆ, ಅದರಿಂದ ಪೆಟ್ಟಿಗೆಗೆ ಸ್ವಲ್ಪ ಒಳ್ಳೆಯದೂ ಹೌದು. ಆದರೆ ಕೆಂಪಾದ ಪ್ಲೇಟಿನ ಮೂಲ ರೋಗ ಹಾಗೇ ಉಳಿಯುತ್ತದೆ.

ಹಾಗಾದರೆ ರೋಗ ಯಾವುದು?

ಆಲಮಟ್ಟಿ ಅಣೆಕಟ್ಟಿನ ಗೇಟನ್ನು ನೆನೆಯಿರಿ. ಗೇಟು ಎಷ್ಟು ತೆರೆದಿದೆಯೋ ಅಷ್ಟೇ ನೀರು ಹೊರಗೆ. ವಾಲ್ವ್ ಒಳಗಿನ ಗೇಟಿನ ಹೆಸರು ಗ್ರಿಡ್. ಅದಕ್ಕೆ ಋಣ ವೋಲ್ಟೇಜ್ ಕೊಟ್ಟು ಗೇಟನ್ನು ಬೇಕಾದಷ್ಟೇ ತೆರೆದಿಡುತ್ತಾರೆ, ಇದಕ್ಕೆ ಬಯಾಸ್ ಎನ್ನುತ್ತಾರೆ. ಬಯಾಸ್ ತಪ್ಪಿದರೆ ಗೇಟು ಪೂರ್ತಿ ತೆರೆದುಕೊಂಡು ಕರೆಂಟು ನುಗ್ಗುತ್ತದೆ.

ಲೆಕ್ಕ ನೋಡಿ. ಇಎಲ್34 ವಾಲ್ವಿನ ಪ್ಲೇಟ್ ತಡೆದುಕೊಳ್ಳುವುದು 25 ವ್ಯಾಟ್. ಪ್ಲೇಟಿಗೆ 450 ವೋಲ್ಟ್ ಇದ್ದು 40 ಮಿಲಿ ಆಂಪಿಯರ್ ಹರಿದರೆ 18 ವ್ಯಾಟ್, ತೊಂದರೆಯಿಲ್ಲ. ಅದೇ 80 ಮಿಲಿ ಆಂಪಿಯರ್ ಆದರೆ 36 ವ್ಯಾಟ್. ಆಗಲೇ ತಗಡು ಕೆಂಪಾಗುವುದು.

ಬಯಾಸ್ ತಪ್ಪುವುದು ಹೀಗೆ:

1. ಹಿಂದಿನ ಹಂತದಿಂದ ಗ್ರಿಡ್‌ಗೆ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್ ಹಳತಾಗಿ ಸೋರುತ್ತದೆ. ಡಿಸಿ ವೋಲ್ಟೇಜ್ ಗ್ರಿಡ್‌ಗೆ ನುಸುಳುತ್ತದೆ. ಹಳೆ ಕಾಗದದ ಕೆಪಾಸಿಟರ್‌ಗಳಲ್ಲಿ ಇದು ತೀರಾ ಸಾಮಾನ್ಯ.

2. ಬಯಾಸ್ ಕೊಡುವ ಭಾಗದ ಕೆಪಾಸಿಟರ್, ರೆಸಿಸ್ಟರ್ ಅಥವಾ ಡಯೋಡ್ ಕೆಟ್ಟಿರುತ್ತದೆ.

3. ಸಾಕೆಟ್‌ನಲ್ಲಿ ತುಕ್ಕು, ಧೂಳು ಸೇರಿ ಗ್ರಿಡ್ ಪಿನ್‌ಗೆ ಸಂಪರ್ಕವೇ ತಪ್ಪಿರುತ್ತದೆ.

4. ವಾಲ್ವ್ ತಾನೇ ಕೆಟ್ಟಿರುತ್ತದೆ.

ಇದರ ಮೇಲೆ ಲೈನ್ ವೋಲ್ಟೇಜ್ ಏರುಪೇರು ಬೇರೆ. ಪಂಪ್‌ಸೆಟ್‌ಗಳು ನಿಂತು ಲೋಡ್ ಇಳಿದಾಗ ಹಳ್ಳಿ ಲೈನಿನಲ್ಲಿ ವೋಲ್ಟೇಜ್ ಏರುವುದುಂಟು. 220 ವೋಲ್ಟಿಗೆ ಹೊಂದಿಸಿದ ಸೆಟ್ಟಿಗೆ 250 ಬಂದರೆ ಒಳಗಿನ ವೋಲ್ಟೇಜ್‌ಗಳೂ ಸುಮಾರು 14% ಏರುತ್ತವೆ. ಮೊದಲೇ ಅಂಚಿನಲ್ಲಿದ್ದ ವಾಲ್ವ್ ಅಂಚು ದಾಟುತ್ತದೆ. ಸೆಟ್ಟಿನ ಹಿಂದೆ ವೋಲ್ಟೇಜ್ ಆರಿಸುವ ಸ್ವಿಚ್ ಇದ್ದರೆ ಅದು ಎಲ್ಲಿದೆ ನೋಡಿ.

ರೋಗ ವಾಲ್ವಿನದೋ ಸರ್ಕ್ಯೂಟಿನದೋ ತಿಳಿಯಲು ಮೆಕ್ಯಾನಿಕ್‌ಗಳು ಒಂದು ಸರಳ ಉಪಾಯ ಮಾಡುತ್ತಾರೆ. ಸೆಟ್ಟು ಆಫ್ ಆಗಿ ಆರಿದ ಮೇಲೆ ಎರಡು ಪವರ್ ವಾಲ್ವ್‌ಗಳ ಜಾಗ ಅದಲುಬದಲು ಮಾಡಿ ಕೆಲವೇ ಸೆಕೆಂಡ್ ನೋಡುತ್ತಾರೆ. ಕೆಂಪು ವಾಲ್ವಿನ ಜೊತೆ ಹೋದರೆ ದೋಷ ವಾಲ್ವಿನದು. ಅದೇ ಸಾಕೆಟ್‌ನಲ್ಲಿ ಉಳಿದರೆ ದೋಷ ಸರ್ಕ್ಯೂಟಿನದು. ಎರಡನೆಯದಾದರೆ ಎಷ್ಟು ಹೊಸ ವಾಲ್ವ್ ತಂದು ಹಾಕಿದರೂ ಸುಟ್ಟೇ ಸುಡುತ್ತವೆ.

ಮಾಡಲೇಬಾರದ ಮೂರು ಕೆಲಸ

ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ದಪ್ಪ ತಂತಿ ಸುತ್ತಬೇಡಿ. ಫ್ಯೂಸ್ ಹೋಗಿದ್ದು ನಿಮ್ಮನ್ನು ಉಳಿಸಲಿಕ್ಕೆ. ಅದನ್ನು ತಡೆದರೆ ಮುಂದೆ ಸುಡುವುದು ಟ್ರಾನ್ಸ್‌ಫಾರ್ಮರ್. ಹಳೆ ಸೆಟ್ಟಿಗೆ ಹೊಂದುವ ಟ್ರಾನ್ಸ್‌ಫಾರ್ಮರ್ ಇಂದು ಸುಲಭಕ್ಕೆ ಸಿಗದು, ಮನೆಗೆ ಬೆಂಕಿ ತಗಲುವ ಭಯ ಬೇರೆ.

ಸ್ಪೀಕರ್ ಜೋಡಿಸದೆ ಸೆಟ್ಟು ಚಾಲೂ ಮಾಡಬೇಡಿ. ಲೋಡ್ ಇಲ್ಲದೆ ದನಿ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ವಾಲ್ವ್ ಎರಡಕ್ಕೂ ಪೆಟ್ಟು ಬೀಳಬಹುದು.

ಪ್ಲಗ್ ತೆಗೆದಿದ್ದೇನೆ, ಇನ್ನೇನು ಭಯ ಎಂದು ಒಳಗೆ ಕೈ ಹಾಕಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಫಿಲ್ಟರ್ ಕೆಪಾಸಿಟರ್‌ಗಳು ಕರೆಂಟು ಹೋದ ಮೇಲೂ 400 ವೋಲ್ಟಿಗಿಂತ ಹೆಚ್ಚು ಹಿಡಿದಿಟ್ಟುಕೊಂಡಿರಬಹುದು. ಅದು ಜೀವ ತೆಗೆಯುವಷ್ಟು ಆಯಿತು. ಬಲ್ಲವರು ಅದನ್ನು ಸೂಕ್ತ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮಲ್ಟಿಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಇಡುತ್ತಾರೆ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವುದು ಸರಿಯಾದ ದಾರಿಯಲ್ಲ.

ನಿಮ್ಮ ಕೆಲಸ ಇಷ್ಟೇ: ಕೆಂಪು ಎಲ್ಲಿ ಕಂಡಿತು, ಯಾವ ವಾಲ್ವ್‌ನಲ್ಲಿ, ಚಾಲೂ ಮಾಡಿದ ಎಷ್ಟು ಹೊತ್ತಿಗೆ ಎಂಬುದನ್ನು ಗಮನಿಸಿ, ಕೂಡಲೇ ಆಫ್ ಮಾಡಿ. ಸಾಧ್ಯವಾದರೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ. ವಾಲ್ವ್ ರೇಡಿಯೊ ರಿಪೇರಿ ಬಲ್ಲ ಹಿರಿಯ ಮೆಕ್ಯಾನಿಕ್‌ಗೆ ಅದನ್ನು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಅನೇಕ ಸಲ ಬದಲಿಸಬೇಕಾದ್ದು ಕೆಲವೇ ರೂಪಾಯಿಯ ಒಂದು ಕೆಪಾಸಿಟರ್ ಮಾತ್ರ.